ಏಳು ಹೆಜ್ಜೆಯ ಶರಣು

೧೮೯೧ನೆಯ ಇಸವಿಯಲ್ಲಿ ನಾನು ಬಳ್ಳಾರಿಯ ಪೊಲೀಸ್ ರಿಸರ್ವ್ ಲೈನಿನಲ್ಲಿ ಡ್ರಿಲ್ ಹೆಡ್ ಕಾನ್‌ಸ್ಟೇಬಲ್ ಆಗಿದ್ದೆ; ಪೇದೆಗಳ ಬಾಯಲ್ಲಿ ಜಮಾದಾರ. ಹೊಸದಾಗಿ ಸೇರಿದವರಿಗೆ ಕವಾಯತು ಕಲಿಸುವುದರ ಜೊತೆಗೆ ಇನ್ನೊಂದು ಪಾಠವನ್ನು ನಾನಾಗಿಯೇ ಸೇರಿಸಿಕೊಂಡಿದ್ದೆ. ವಾರಂಟ್ ಹಿಡಿದು ಹೋದ ಪೇದೆಯ ಮೇಲೆ ಎದುರಿನವನು ಕುಡುಗೋಲು ಎತ್ತಿದರೆ ಜೀವ ಉಳಿಸಿಕೊಳ್ಳುವುದು ಹೇಗೆ ಎಂಬ ಪಾಠ ಅದು.

ಕಲಿಸುವ ಕ್ರಮ ಸರಳವಾಗಿತ್ತು. ಮರದ ಕುಡುಗೋಲಿನ ಅಂಚಿಗೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದೆ. ಕಲಿಯುವವನು ಬಿಳಿ ಅಂಗಿ ತೊಟ್ಟು, ಸೊಂಟದ ಪಟ್ಟಿಗೆ ದೊಣ್ಣೆ ಸಿಕ್ಕಿಸಿಕೊಂಡು ಎದುರು ನಿಲ್ಲಬೇಕು. ಮಸಿ ತಗುಲಿದ ಕಡೆ ಗಾಯವಾಯಿತೆಂದು ಲೆಕ್ಕ. ನಾಲ್ಕು ಹೆಜ್ಜೆ ದೂರದಿಂದ ನುಗ್ಗಿದರೆ ದೊಣ್ಣೆ ಪಟ್ಟಿಯಿಂದ ಹೊರಬರುವ ಮೊದಲೇ ಕುತ್ತಿಗೆ ಕಪ್ಪಾಗುತ್ತಿತ್ತು. ಐದಕ್ಕೂ ಆರಕ್ಕೂ ಅದೇ ಗತಿ. ಏಳು ಹೆಜ್ಜೆಯಾದರೆ ದೊಣ್ಣೆ ಕೈಗೆ ಬರುತ್ತಿತ್ತು. ಆದ್ದರಿಂದ ನಿಯಮ ಮಾಡಿದೆ: ಏಳು ಹೆಜ್ಜೆ ದೂರ ನಿಲ್ಲು, ಬಾಯಿ ಶರಣು ಹೇಳಲಿ, ಕಣ್ಣು ಎದುರಿನವನ ಕೈಮೇಲಿರಲಿ.

“ಮದುವ್ಯಾಗ ಏಳು ಹೆಜ್ಜಿ ಕೂಡಿ ನಡಸ್ತಾರ, ನಮ್ಮ ಜಮಾದಾರ್ರು ಏಳು ಹೆಜ್ಜಿ ದೂರ ನಿಲ್ಲಸ್ತಾರ್ರಿ!” ಎಂದು ಹುಡುಗಾಟ ಮಾಡಿದವನು ಕುರುಗೋಡು ಠಾಣೆಯಿಂದ ಬಂದಿದ್ದ ಹನುಮಪ್ಪ. ನನ್ನ ಶಿಷ್ಯರಲ್ಲಿ ಅವನಷ್ಟು ಚುರುಕಾದವನು ಇನ್ನೊಬ್ಬನಿರಲಿಲ್ಲ.

ನಮ್ಮ ಸೀಮೆಯಲ್ಲಿ ಊರ ಗೌಡನ ಮುಂದೆ ಹೋದವನು ಚಪ್ಪಲಿ ಬಿಟ್ಟು, ಹತ್ತಿರ ಸರಿದು, ಎರಡೂ ಕೈ ಜೋಡಿಸಿ ತಲೆ ಬಾಗಿಸಿ ಶರಣೆನ್ನಬೇಕು. ಕಲಿತು ಹೋದ ನನ್ನ ಪೇದೆಗಳು ಹಾಗೆ ಬಾಗುವುದನ್ನು ಬಿಟ್ಟರು. ಸಿರುಗುಪ್ಪದ ಕಡೆಯ ಗೌಡರೊಬ್ಬರು ದೂರು ಕೊಟ್ಟರು. ನಮ್ಮ ಇನ್‌ಸ್ಪೆಕ್ಟರರಿಗೆ ಆ ಗೌಡರ ಮನೆಯ ಊಟದ ರುಚಿ ಗೊತ್ತಿತ್ತು. ಈ ಇನ್‌ಸ್ಪೆಕ್ಟರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದು ಯಾರೂ ತಿಳಿಯಬಾರದು.

ಕೋಟೆಯ ಕೆಳಗಿನ ಮೈದಾನದಲ್ಲಿ, ನಲವತ್ತು ಜನರ ಸಾಲಿನೆದುರು, ಅವರು ನನ್ನ ಮರದ ಕುಡುಗೋಲನ್ನು ಬೂಟಿನಿಂದ ಒದ್ದರು. “ಏನಲೇ ಜಮಾದಾರ, ಪೊಲೀಸ್ರಿಗೆ ಹಿಂದಕ ಸರಿಯೋದು ಕಲಸ್ತೀಯೇನು? ನೀ ನಾಟಕದ ಮಾಸ್ತರ ಆಗಬೇಕಿತ್ತು ನೋಡು!” ಎಂದರು. ಸಾಲಿನಲ್ಲಿ ನಕ್ಕವರು ಮೂವರು. ಆ ಮೂವರ ಹೆಸರೂ ನನಗೆ ನೆನಪಿದೆ. ಮರುದಿನ ಲಿಖಿತ ಆದೇಶ ಬಂತು: ವಾರಂಟ್ ಜಾರಿ ಮಾಡುವ ಪೇದೆಯು ಗೌರವಸ್ಥರನ್ನು ಸಮೀಪಿಸಿ, ಎರಡೂ ಕೈ ಜೋಡಿಸಿ, ಬಾಗಿ ವಂದಿಸಿದ ಮೇಲೆಯೇ ವಾರಂಟ್ ಓದತಕ್ಕದ್ದು. ನಾನು ಅದನ್ನು ಅಕ್ಷರ ತಪ್ಪದಂತೆ ನಕಲು ಮಾಡಿಟ್ಟುಕೊಂಡೆ.

ಐದು ತಿಂಗಳ ನಂತರ ಹನುಮಪ್ಪನನ್ನು ಸಿರುಗುಪ್ಪದ ಹತ್ತಿರದ ಹಳ್ಳಿಯೊಂದಕ್ಕೆ ಕಳುಹಿಸಿದರು. ಒಬ್ಬನ ತಲೆ ಒಡೆದ ಮೊಕದ್ದಮೆಯಲ್ಲಿ ಅಲ್ಲಿನ ಗೌಡರ ತಮ್ಮನನ್ನು ಹಿಡಿದು ತರಬೇಕಿತ್ತು. ಭತ್ತದ ಕೊಯ್ಲಿನ ಕಾಲ. ಆತ ಕಣದಲ್ಲಿ ಕುಡುಗೋಲು ಹಿಡಿದೇ ನಿಂತಿದ್ದ. ಹನುಮಪ್ಪ ಆದೇಶದಂತೆ ಹತ್ತಿರ ಹೋದ, ಕೈ ಜೋಡಿಸಿದ, ಬಾಗಿದ. ಏಟು ಜೋಡಿಸಿದ ಕೈಗಳ ಮೇಲೆಯೇ ಬಿತ್ತು. ಬಲಗೈಯ ಮೂರು ಬೆರಳು ಹೋದವು. ಕುತ್ತಿಗೆಯ ಮೇಲೆ ಗೇಣುದ್ದದ ಗಾಯವಾಯಿತು. ಆರೋಪಿ ಹೊಳೆ ದಾಟಿ ಪರಾರಿಯಾದ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನನ್ನು ಕಂಡಾಗ ಅವನು ಮೊದಲು ಹೇಳಿದ್ದು ಇಷ್ಟು: “ಏಳು ಹೆಜ್ಜಿ ಎಣಿಸಿದ್ನಿರಿ ಜಮಾದಾರ್ರ. ಆದ್ರ ಸಾಹೇಬ್ರ ಕಾಗದ ನೆಪ್ಪಾತು.”

ಇನ್‌ಸ್ಪೆಕ್ಟರರ ವರದಿಯಲ್ಲಿ ಆ ಕಾಗದದ ಸುದ್ದಿಯೇ ಇರಲಿಲ್ಲ. ಪೇದೆಯು ಆರೋಪಿಯ ಮುಂದೆ ಹೇಡಿಯಂತೆ ತಲೆತಗ್ಗಿಸಿ ನಿಂತನೆಂದೂ, ಇಂಥವನನ್ನು ಕೆಲಸದಿಂದ ತೆಗೆಯಬೇಕೆಂದೂ ಬರೆದಿದ್ದರು. ತೀರ್ಮಾನವನ್ನು ಮುಂದಿನ ತಿಂಗಳು ಲೈನಿನ ತಪಾಸಣೆಗೆ ಬರುವ ಸೂಪರಿಂಟೆಂಡೆಂಟ್ ದೊರೆಗಳು ಮಾಡಬೇಕಿತ್ತು. ಹೇಡಿಯೆಂಬ ಹೆಸರು ಹೊತ್ತು ಕುರುಗೋಡಿನ ಬೀದಿಯಲ್ಲಿ ಅವನು ಹೇಗೆ ನಡೆದಾನು? ನಾನು ಯಾರೊಡನೆಯೂ ವಾದ ಮಾಡಲಿಲ್ಲ. ಮರದ ಕುಡುಗೋಲನ್ನು ಮತ್ತೆ ಕೆತ್ತಿ, ಹಿಡಿಯನ್ನು ಎಡಗೈಗೆ ಒಗ್ಗುವಂತೆ ಸವರಿದೆ.

ತಪಾಸಣೆಯ ದಿನ ಕವಾಯತು ಮುಗಿದ ಮೇಲೆ ದೊರೆಗಳಿಗೆ ಸಲಾಮು ಮಾಡಿ ಅರಿಕೆ ಮಾಡಿಕೊಂಡೆ: “ವಾರಂಟ್ ಜಾರಿಯ ಎರಡು ಕ್ರಮಗಳಿವೆ ಸ್ವಾಮಿ. ಒಂದು ನನ್ನದು, ಒಂದು ಇನ್‌ಸ್ಪೆಕ್ಟರ್ ಸಾಹೇಬರದು. ಅವರದನ್ನು ತೋರಿಸಲು ಅವರಿಗಿಂತ ಯೋಗ್ಯರು ಯಾರಿದ್ದಾರೆ?” ಕನ್ನಡ ಬಲ್ಲ ದೊರೆಗಳು ತಲೆಯಾಡಿಸಿದರು. ಇನ್‌ಸ್ಪೆಕ್ಟರರು ಒಲ್ಲೆ ಎನ್ನುವ ಹಾಗಿರಲಿಲ್ಲ. ಎದುರಿಗೆ ಹನುಮಪ್ಪನನ್ನು ನಿಲ್ಲಿಸಿದೆ. ಬಲಗೈಗೆ ಬಟ್ಟೆಯ ಕಟ್ಟು, ಎಡಗೈಯಲ್ಲಿ ಮಸಿ ಬಳಿದ ಕುಡುಗೋಲು.

ಇನ್‌ಸ್ಪೆಕ್ಟರರು ಒಗೆದು ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಹತ್ತಿರ ಬಂದರು. ತಾವೇ ಬರೆದ ಆದೇಶವನ್ನು ದೊರೆಗಳ ಮುಂದೆ ಮುರಿಯಲಾರದೆ ಕೈ ಜೋಡಿಸಿ, ಒಬ್ಬ ಪೇದೆಗೆ ಬಾಗಿದರು. ಹನುಮಪ್ಪನ ಎಡಗೈ ಎರಡು ಬಾರಿ ಆಡಿತು. ಬೆರಳುಗಳ ಮೇಲೊಂದು, ಕುತ್ತಿಗೆಯಿಂದ ಎದೆಯವರೆಗೆ ಇನ್ನೊಂದು ಕಪ್ಪು ಗೆರೆ ಮೂಡಿತು. ಅವರ ಕತ್ತಿ ಒರೆಯಲ್ಲಿಯೇ ಇತ್ತು.

“ಮೋಸ! ನಾ ಇನ್ನೂ ವಾರಂಟ್ ಓದಿಲ್ಲಲೇ!” ಎಂದು ಅವರು ಕೂಗಿದರು.

“ನನಗೂ ಓದಾಕ ಬಿಡ್ಲಿಲ್ರಿ ಸಾಹೇಬ್ರ” ಎಂದ ಹನುಮಪ್ಪ.

ಮೈದಾನದಲ್ಲಿ ಯಾರೂ ನಗಲಿಲ್ಲ, ಆ ಮೂವರು ಕೂಡ. ಅನಂತರ ನಾನು ಕುಡುಗೋಲು ತೆಗೆದುಕೊಂಡು ಏಳು ಹೆಜ್ಜೆಯಿಂದ ಹನುಮಪ್ಪನ ಮೇಲೆ ನುಗ್ಗಿದೆ. ಅವನು ಪಕ್ಕಕ್ಕೆ ಸರಿದು ಎಡಗೈ ದೊಣ್ಣೆಯಿಂದ ನನ್ನ ಮಣಿಕಟ್ಟಿಗೆ ಕೊಟ್ಟ ಏಟಿನ ನೋವು ಎಂಟು ದಿನ ಇತ್ತು. ಅಷ್ಟು ಸಂತೋಷದ ನೋವನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ನನ್ನ ನಕಲನ್ನು ದೊರೆಗಳ ಕೈಗಿತ್ತೆ. ಅವರು ಅದನ್ನು ವರದಿಯ ಪಕ್ಕಕ್ಕಿಟ್ಟು ಎರಡನ್ನೂ ಓದಿದರು. ‘ಹೇಡಿ’ ಎಂಬ ಮಾತನ್ನು ತಾವೇ ಹೊಡೆದುಹಾಕಿದರು. ಹನುಮಪ್ಪ ಡ್ರಿಲ್ ಸಹಾಯಕನಾಗಿ ಲೈನಿನಲ್ಲಿಯೇ ಉಳಿದ. ಆದೇಶ ರದ್ದಾಯಿತು. ಅದನ್ನು ಬರೆದವರಿಗೆ ಬೇರೆ ಶಿಕ್ಷೆಯಾಗಲಿಲ್ಲ.

ಸಂಜೆ ಇನ್‌ಸ್ಪೆಕ್ಟರರು ಒಬ್ಬರೇ ನನ್ನ ಬಳಿ ಬಂದರು. ಕುತ್ತಿಗೆಯ ಮಸಿ ಪೂರ್ತಿ ಹೋಗಿರಲಿಲ್ಲ. “ಈಗ ಸಮಾಧಾನ ಆತೇನು ನಿನಗ?” ಎಂದು ಕೇಳಿದರು.

“ಇಲ್ರಿ. ಮೂರು ಬೆರಳು ಬಾಕಿ ಅದಾವು” ಎಂದೆ.

ಇಪ್ಪತ್ತೊಂಬತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇದು: ಆದೇಶ ಬರೆಯುವವನನ್ನು, ಆ ಆದೇಶ ಪಾಲಿಸುವವನು ನಿಲ್ಲುವ ಜಾಗದಲ್ಲಿ ಒಮ್ಮೆ ನಿಲ್ಲಿಸಬೇಕು, ಅದೂ ಎಲ್ಲರ ಕಣ್ಣೆದುರಿಗೆ. ಕ್ಷಮೆಯ ಮಾತು ಅದರ ನಂತರದ್ದು. ಆ ಮಾತಿನವರೆಗೆ ನಾನಿನ್ನೂ ತಲುಪಿಲ್ಲ.