ಡ್ರೈವರಿಲ್ಲದೆ ಹೊರಟ ಉಮ್ಮಮ್ಮನ ಕಾರು

ಕಳೆದ ವರ್ಷದ ಜನವರಿ, ಒಂದು ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಫೋಟೊ ತೆಗೆಯಲೆಂದು ಆಗಷ್ಟೇ ಮೊಬೈಲ್ ಎತ್ತಿದ್ದರಿಂದ ಸಮಯ ಸರಿಯಾಗಿ ನೆನಪಿದೆ. ಪರದೆಯ ನಡುವೆ ನಮ್ಮ ಹಳೆಯ ಅಂಬಾಸಿಡರ್ ಕಾರಿತ್ತು. ನೋಡುತ್ತಿದ್ದಂತೆ ಅದು ಒಂದು ಬದಿಗೆ ಸರಿಯಿತು. ನನ್ನ ಕೈಯೇ ಅಲುಗಾಡಿತೆಂದುಕೊಂಡು ಮೊಬೈಲನ್ನು ಸ್ವಲ್ಪ ತಿರುಗಿಸಿದೆ. ಕಾರು ಮತ್ತೆ ಸರಿಯಿತು.

ಮುಂದಿನ ಸೀಟಿನಲ್ಲಿ ನನ್ನ ಉಮ್ಮಮ್ಮ, ಅಂದರೆ ತಾಯಿಯ ತಾಯಿ, ಪಾಯಸದ ಲೋಟ ಹಿಡಿದು ಕುಳಿತಿದ್ದರು. ಡ್ರೈವರ್ ಸೀಟು ಖಾಲಿ.

ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ಆ ಕಾರು ನನಗಿಂತ ಹಿರಿಯದು. ಅಜ್ಜ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅವರ ಮಗ ಹಮೀದ್ ಮಾಮ ಅದನ್ನು ನೋಡಿಕೊಂಡರು. ಬರಬರುತ್ತಾ ಬಿಡಿಭಾಗ ಸಿಗುವುದು ಕಷ್ಟವಾಯಿತು, ಹೊಗೆ ಹೆಚ್ಚಾಯಿತು. ಗುಜರಿಗೆ ಕೊಡಲು ಮನಸ್ಸು ಬಾರದೆ ಮಾಮ ಅನುಮತಿ ಮಾಡಿಸಿ, ಇಂಜಿನ್ ತೆಗೆಸಿ, ಕರೆಂಟಿನ ಮೋಟರ್ ಮತ್ತು ಬ್ಯಾಟರಿ ಹಾಕಿಸಿದರು. ಗೇರು, ಸ್ಟೇರಿಂಗು, ಉದ್ದನೆಯ ಸೋಫಾದಂಥ ಮುಂದಿನ ಸೀಟು ಎಲ್ಲ ಹಳೆಯದೇ ಉಳಿಯಿತು. ಊರಿನವರು ಬಂದು ಬಾನೆಟ್ ತೆರೆಸಿ ನೋಡಿ ಹೋಗುತ್ತಿದ್ದರು.

ಒಪ್ಪದವರು ಒಬ್ಬರೇ, ಅಕ್ಕನ ಗಂಡ ಶರೀಫ್ ಭಾವ. ಗಲ್ಫಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಅವರಿಗೆ ಹೈಡ್ರೋಜನ್ ಮೇಲೆ ಅಪಾರ ನಂಬಿಕೆ. ರಜೆಯಲ್ಲಿ ಬಂದಾಗಲೆಲ್ಲ ಮಾವ ಅಳಿಯನಿಗೆ ಇದೇ ಚರ್ಚೆ.

ಅಂದು ನಾವೆಲ್ಲ ಅಳದಂಗಡಿಯ ಹತ್ತಿರ ಮಾಮನ ಗೆಳೆಯ ದಿನೇಶಣ್ಣನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದೆವು. ಮನೆ ಇದ್ದುದು ಎತ್ತರದಲ್ಲಿ. ಅಂಗಳದಿಂದ ಮಣ್ಣಿನ ಇಳಿಜಾರು ನೇರವಾಗಿ ಟಾರು ರಸ್ತೆಗೆ ಇಳಿಯುತ್ತಿತ್ತು. ಉಮ್ಮಮ್ಮನಿಗೆ ಮೊಣಕಾಲು ನೋವು. “ನಾನು ಇಳಿಯುವುದಿಲ್ಲ, ಪಾಯಸ ಇಲ್ಲಿಗೇ ಬರಲಿ,” ಎಂದು ಕಾರಿನಲ್ಲೇ ಉಳಿದಿದ್ದರು. ಚಪ್ಪರದಡಿ ಚರ್ಚೆ ಕಾವೇರಿತ್ತು.

“ಇಂಜಿನ್ ತೆಗೆದ ಮೇಲೆ ಅದು ಹಳೇ ಕಾರಲ್ಲ ಮಾಮ, ಹಳೇ ಡಬ್ಬ,” ಎಂದರು ಭಾವ. “ಅದೇ ಇಂಜಿನಿನಲ್ಲಿ ಹೈಡ್ರೋಜನ್ ಉರಿಸುವ ಕಾಲ ಬರ್ತದೆ. ಆ ಶಬ್ದ, ಆ ನಡುಕ ಎಲ್ಲ ಹಾಗೇ ಇರ್ತದೆ. ಸ್ವಲ್ಪ ಕಾಯಬೇಕಿತ್ತು ನೀವು.”

“ಕಾಯುವುದಾ? ಬಂಟ್ವಾಳದಲ್ಲಿ ನಿನ್ನ ಹೈಡ್ರೋಜನ್ ತುಂಬಿಸುವ ಪಂಪ್ ಉಂಟಾ ಶರೀಫೇ?”

“ಬರ್ತದೆ.”

“ಬಂದ ದಿನ ನನ್ನ ಮೊಮ್ಮಗ ತುಂಬಿಸಿಕೊಳ್ಳಲಿ. ನನಗೆ ಇವತ್ತು ಊಟ ಮುಗಿಸಿ ಮನೆಗೆ ಹೋಗ್ಲಿಕ್ಕೆ ಉಂಟು.”

ಎಲ್ಲರೂ ನಕ್ಕರು. ಅದೇ ಹೊತ್ತಿಗೆ ದಿನೇಶಣ್ಣನ ಹೆಂಡತಿ ಕಾರಿನ ಹಿಂದಿನ ಸೀಟಿನಲ್ಲಿ ನಮಗೆಂದು ಒಂದು ಬಾಳೆಗೊನೆ ಇಟ್ಟು, ಬಾಗಿಲನ್ನು ದಡಕ್ಕನೆ ಮುಚ್ಚಿ ಒಳಗೆ ಹೋದರು. ಕಾರು ಹೊರಟಿತು.

ಇವತ್ತಿಗೂ ನನ್ನನ್ನು ಕಾಡುವುದು ಆ ನಿಶ್ಶಬ್ದ. ಪೆಟ್ರೋಲ್ ಕಾಲದಲ್ಲಿ ಆ ಕಾರು ಹೊರಟರೆ ಮೂರು ಮನೆಯಾಚೆಯ ನಾಯಿಗೂ ಗೊತ್ತಾಗುತ್ತಿತ್ತು. ಈಗ ಚಕ್ರದಡಿಯ ಚರಳುಕಲ್ಲು ಕರಕರ ಎಂದದ್ದು ಬಿಟ್ಟರೆ ಬೇರೆ ಶಬ್ದವೇ ಇಲ್ಲ. ನಾನು “ಮಾಮಾ!” ಎಂದು ಕಿರುಚಿದೆ. ಕಾರಿನ ಹಿಂದೆ ಓಡಿದೆ. ಕಾರು ನನಗಿಂತ ವೇಗವಾಗಿತ್ತು. ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ಉಮ್ಮಮ್ಮನ ಬಿಳಿ ತಟ್ಟದ ಬಟ್ಟೆ ಹೊದ್ದ ತಲೆ ಹಿಂದಿನ ಗಾಜಿನಲ್ಲಿ ಚಿಕ್ಕದಾಗುತ್ತಾ ಹೋಯಿತು. ಆ ತಲೆ ಇದ್ದಕ್ಕಿದ್ದಂತೆ ಬಲಕ್ಕೆ ಬಾಗಿ ಮಾಯವಾಯಿತು. ಬಿದ್ದರು ಎಂದುಕೊಂಡೆ.

ಅವರು ಬಿದ್ದಿರಲಿಲ್ಲ. ಸೀಟಿನ ಮೇಲೆ ಅಡ್ಡ ಸರಿದು ಎರಡೂ ಕೈಗಳಿಂದ ಸ್ಟೇರಿಂಗ್ ಹಿಡಿದಿದ್ದರು. ಕಾರು ತಿರುಗಿತು, ದಾರಿ ಬಿಟ್ಟಿತು, ಮನೆ ಕಟ್ಟಿ ಉಳಿದಿದ್ದ ಹೊಯ್ಗೆ ಮರಳಿನ ರಾಶಿಗೆ ಮೂತಿ ತೂರಿಸಿ ನಿಂತಿತು. ಮರುಕ್ಷಣ ಕೆಳಗೆ ಬಸ್ಸು ಹಾದುಹೋಯಿತು.

ನಾನು ಬಾಗಿಲು ತೆರೆದಾಗ ಉಮ್ಮಮ್ಮನ ಮಡಿಲ ತುಂಬ ಪಾಯಸ. ಮೈಮೇಲೆ ಒಂದು ಗೀರೂ ಆಗಿರಲಿಲ್ಲ.

“ಉಮ್ಮಮ್ಮಾ, ಡ್ರೈವರ್ ಇಲ್ಲ ಅಂತ ನಿಮಗೆ ಗೊತ್ತಾಗಲಿಲ್ಲವಾ?”

“ಮೊದಲು ಗೊತ್ತಾಗಲಿಲ್ಲ ಮಗಳೇ. ಆಮೇಲೆ ಯೋಚಿಸಿದೆ, ಹಮೀದ್ ಹಾರ್ನ್ ಹಾಕದೆ ಇಷ್ಟು ದೂರ ಹೋಗುವವನಲ್ಲ.”

ಓಡಿ ಬಂದವರೆಲ್ಲ ಅಲ್ಲೇ ನಗಲು ಶುರುಮಾಡಿದರು. ನನಗೆ ನಗು ಬರಲಿಲ್ಲ. ಹೊಯ್ಗೆಯ ಮೇಲೆಯೇ ಕುಸಿದು ಕೂತೆ. ಮಾಮ ಮಾತ್ರ ಬೆವರುತ್ತಾ ಒಳಗೆ ಬಗ್ಗಿ ನೋಡಿದರು. “ಗೇರಿನಲ್ಲೇ ಉಂಟಲ್ಲ ಮಾರಾಯ!”

ಆಗ ವಿಷಯ ತಿಳಿಯಿತು. ನಮ್ಮ ಅಜ್ಜ ಕಾರು ನಿಲ್ಲಿಸಿದರೆ ಹ್ಯಾಂಡ್ ಬ್ರೇಕ್ ಮುಟ್ಟುತ್ತಿರಲಿಲ್ಲ. ಫಸ್ಟ್ ಗೇರಿಗೆ ಹಾಕಿ ಇಳಿಯುತ್ತಿದ್ದರು. ಮಾಮ ಕಲಿತದ್ದೂ ಹಾಗೆಯೇ. ಪೆಟ್ರೋಲ್ ಇಂಜಿನು ಆಫ್ ಆಗಿದ್ದರೂ ಗೇರಿನಲ್ಲಿ ಚಕ್ರವನ್ನು ಬಿಗಿ ಹಿಡಿಯುತ್ತಿತ್ತು. ಮೋಟರ್ ಹಾಗಲ್ಲ, ಕರೆಂಟ್ ಇಲ್ಲದಿದ್ದರೆ ಸುಮ್ಮನೆ ತಿರುಗುತ್ತದೆ. ಅಂಗಳದಲ್ಲಿ ಹೇಗೋ ನಿಂತಿದ್ದ ಕಾರಿಗೆ ಬಾಗಿಲು ಮುಚ್ಚಿದ ಪೆಟ್ಟೇ ಸಾಕಾಗಿತ್ತು. ಹೊಸ ಹ್ಯಾಂಡ್ ಬ್ರೇಕ್ ಇದ್ದೂ ಯಾರೂ ಅದನ್ನು ಎಳೆದಿರಲಿಲ್ಲ.

“ನೋಡಿ, ಇಂಜಿನ್ ಇದ್ದಿದ್ದರೆ!” ಎಂದರು ಭಾವ.

“ಚರ್ಚೆ ಮಾಡಲು ನೀನು ಇಲ್ಲದಿದ್ದರೂ ಇದು ಆಗ್ತಿರಲಿಲ್ಲ,” ಎಂದರು ಉಮ್ಮಮ್ಮ.

ಮನೆಗೆ ಬಂದ ಮೇಲೆ ಎಲ್ಲರಿಗೂ ಅದೊಂದು ತಮಾಷೆಯ ಕಥೆಯಾಯಿತು. ನನಗಾಗಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ. ಅಲ್ಲಿ ಪುಸ್ತಕದ ತಳ್ಳುಗಾಡಿ ಸ್ವಲ್ಪ ಜರುಗಿದರೂ ಓಡಿಹೋಗಿ ಹಿಡಿಯುತ್ತಿದ್ದೆ. ರಾತ್ರಿ ನಿದ್ದೆ ಹತ್ತಿದೊಡನೆ ಆ ಬಿಳಿ ತಲೆ ಚಿಕ್ಕದಾಗುತ್ತಾ ಹೋಗುತ್ತಿತ್ತು. ಕೆಲವೊಮ್ಮೆ ಹೊಯ್ಗೆಯ ರಾಶಿಯೇ ಅಲ್ಲಿರುತ್ತಿರಲಿಲ್ಲ. ಬೆಚ್ಚಿ ಎದ್ದು ಉಮ್ಮಮ್ಮನ ಕೋಣೆಗೆ ಹೋಗಿ ಅವರ ಉಸಿರು ಕೇಳಿ ಬರುತ್ತಿದ್ದೆ.

ಮಾಮನೂ ಒಳಗೊಳಗೇ ಹೆದರಿದ್ದರು. ಕಾರಿಗೆ ಟಾರ್ಪಾಲು ಹೊದಿಸಿ, “ಇನ್ನು ಇದು ರಸ್ತೆಗೆ ಬೇಡ. ಮದುವೆಯ ಫೋಟೊಕ್ಕೆ ಇಟ್ಟುಕೊಳ್ಳುವ,” ಎಂದರು.

ಉಮ್ಮಮ್ಮ ಬಿಡಲಿಲ್ಲ. “ಬ್ರೇಕ್ ಎಳೆಯಲಿಕ್ಕೆ ಮರೆತದ್ದು ನೀನು, ಶಿಕ್ಷೆ ಕಾರಿಗಾ? ಪೆರ್ನಾಲಿನ ಮರುದಿನ ನಾನು ಮೂಡಬಿದ್ರೆಗೆ ಮೊಮ್ಮಗಳ ಮನೆಗೆ ಹೋಗುವುದು ಇದರಲ್ಲೇ.”

ಈದ್ ಹಬ್ಬದ ಮರುದಿನ ಟಾರ್ಪಾಲು ಸರಿಯಿತು. ನಾನು ಹಿಂದಿನ ಸೀಟಿನಲ್ಲಿ, ಕೈ ಮಾಮನ ಸೀಟಿನ ಮೇಲೆ. ಶಿರ್ತಾಡಿಯ ಹತ್ತಿರ ಒಂದು ಇಳಿಜಾರಿನಲ್ಲಿ ಉಮ್ಮಮ್ಮ, “ನಿಲ್ಲಿಸು,” ಎಂದರು. ಮಾಮ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು, ಎಳೆದದ್ದನ್ನು ನನಗೆ ತೋರಿಸಿದರು. ಉಮ್ಮಮ್ಮ ನನ್ನ ಕೈ ಹಿಡಿದು ನಿಧಾನವಾಗಿ ಇಳಿದರು. ಕಾರಿನ ಹಿಂದೆ ಹೋಗಿ ಎರಡೂ ಅಂಗೈ ಊರಿ ತಳ್ಳತೊಡಗಿದರು. “ನೀನೂ ತಳ್ಳು.”

ನಾನೂ ತಳ್ಳಿದೆ. ಅಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಕಾರು ಕೆಟ್ಟಿತೆಂದು ತಿಳಿದು ಇಳಿದರು. “ಅಜ್ಜಿ, ನೀವು ಬಿಡಿ, ನಾವು ತಳ್ತೇವೆ,” ಎಂದು ಅವರೂ ಹೆಗಲು ಕೊಟ್ಟರು. ನಾಲ್ವರು ಸೇರಿ ತಳ್ಳಿದರೂ ಕಾರು ಕದಲಲಿಲ್ಲ.

“ಇದು ಹೋಗುವುದಿಲ್ಲ ಅಜ್ಜಿ,” ಎಂದನೊಬ್ಬ, ಬೆವರೊರೆಸಿಕೊಳ್ಳುತ್ತಾ.

“ಹೋಗಬಾರದು ಅಂತಲೇ ತಳ್ಳುವುದು ಮಗಾ,” ಎಂದರು ಉಮ್ಮಮ್ಮ. ಅವರು ಮುಖ ಮುಖ ನೋಡಿಕೊಂಡ ಬಗೆ ಕಂಡು ನನಗೆ ನಗು ಬಂತು. ಎಷ್ಟೋ ವಾರಗಳಿಂದ ಕಟ್ಟಿಕೊಂಡಿದ್ದ ನಗು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಕಾರಿಗೇ ಒರಗಿ ನಿಂತೆ. ಅದು ನನ್ನ ಭಾರವನ್ನೂ ಹೊತ್ತು ಅಲುಗಾಡದೆ ನಿಂತಿತ್ತು.

ಆ ರಾತ್ರಿ ಮೂಡಬಿದ್ರೆಯ ಅಕ್ಕನ ಮನೆಯಲ್ಲಿ ಮಲಗಿದವಳಿಗೆ ಮಸೀದಿಯ ಬೆಳಗಿನ ಬಾಂಗ್ ಕೂಡ ಕೇಳಲಿಲ್ಲ. ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲಿತ್ತು.