ಒಳಗೆ ಮಡಚಿದ ಬಟ್ಟೆ

ರಾಯದುರ್ಗದ ನಮ್ಮ ಓಣಿಯಲ್ಲಿ ಹೊಲಿಗೆ ಯಂತ್ರಗಳ ಸದ್ದು ಒಂದೊಂದಾಗಿ ನಿಂತುಹೋದರೂ ಪಕ್ಕದ ಮನೆಯ ಟೈಲರ್ ತಾತನದು ನಿಂತಿರಲಿಲ್ಲ. ಆ ಬೇಸಿಗೆ ರಜೆಯಲ್ಲಿ ಅವರ ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಯಾರು ಬಟ್ಟೆ ತಂದರೂ ತಾತ ಒಂದು ಗೇಣು ಸಡಿಲವಾಗಿಯೇ ಹೊಲಿಯುತ್ತಿದ್ದರು. ಕೇಳಿದರೆ ಒಂದೇ ಮಾತು: "ಬೆಳೀತಾರ ಬಿಡ್ರಿ."

ಒಂದು ಬೆಳಿಗ್ಗೆ ಮದುಮಗನೊಬ್ಬ ಬಾಸಿಂಗ ಕಟ್ಟಿಕೊಂಡು, ಹೊಸ ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಡಿಬಂದ.

"ತಾತ, ತಾಳಿ ಕಟ್ಟಾಕ ಕೈ ಬಿಟ್ರ ಪ್ಯಾಂಟ್ ನಿಲ್ಲಂಗಿಲ್ರಿ!"

ತಾತ ಕನ್ನಡಕದ ಮೇಲಿಂದ ನೋಡಿದರು. "ಬೆಳೀತೀರಿ ಬಿಡ್ರಿ."

"ಮುಹೂರ್ತದೊಳಗ ಬೆಳೀಬೇಕೇನ್ರಿ?"

ಕೊನೆಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ಅಳತೆ ಟೇಪನ್ನು ನಾನೇ ಅವನ ಸೊಂಟಕ್ಕೆ ಬಿಗಿದು ಕಳಿಸಿದೆ. ಮದುವೆ ಆಯಿತು, ಟೇಪು ವಾಪಸ್ ಬರಲಿಲ್ಲ. ತಾತನ ಕೆಲಸಕ್ಕೆ ಅದರಿಂದ ಏನೂ ತೊಂದರೆಯಾಗಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ತಾತ ತಮಗೇ ಒಂದು ಅಂಗಿ ಹೊಲಿದುಕೊಂಡರು. ಅವರ ಹಳೆಯ ಅಂಗಿಗಳೇ ಮೈಮೇಲೆ ಜೋಲುತ್ತಿದ್ದವು. ಆದರೂ ಇದರ ಅಂಚಿನಲ್ಲಿ ಅಗಲವಾಗಿ ಬಟ್ಟೆಯನ್ನು ಒಳಗೆ ಮಡಚಿ ಹೊಲಿದಿದ್ದರು.

"ನಿಮಗ್ಯಾಕ್ರಿ ತಾತ, ಇಷ್ಟು?" ಎಂದೆ.

ಹಲ್ಲಿಲ್ಲದ ಬಾಯಲ್ಲಿ ದಾರ ಕಡಿಯಲು ನೋಡಿದರು. ಆಗಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ಬೆಳೀತೀನಿ ಬಿಡಲೇ."