ಇನ್ನೂರ ಮೂವತ್ತೊಂದನೆಯ ಪುಟ

1986ರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದು ನನ್ನ ಮಾತು; ಬಿಡಿಸಿದರು ಎನ್ನುವುದು ಊರಿನ ಮಾತು. ಮಂಗಳೂರಿನ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿದ್ದಾಗ ನನ್ನ ಕಿಸೆಯಲ್ಲಿ ಸಮಾಜ ಪುಸ್ತಕದ ಒಂದು ಹಾಳೆ ಸಿಕ್ಕಿತು. ಆ ಹಾಳೆಯನ್ನು ನಾನು ತೆರೆದೇ ಇರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಒಮ್ಮೆ ತೆರೆದಿದ್ದೆ. ಕ್ಷಮಾಪಣೆ ಬರೆದುಕೊಟ್ಟರೆ ಮುಖ್ಯ ಪರೀಕ್ಷೆಗೆ ಕೂರಿಸುತ್ತೇವೆ ಎಂದರು. ನಾನು ಬರೆದುಕೊಡಲಿಲ್ಲ. ಎರಡು ಸಾಲಿನ ಕಾಗದ ಅದು. ಬರೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವ ಅಭ್ಯಾಸ ನನಗಿಲ್ಲ, ಕೆಲಸ ಇಲ್ಲದ ದಿನಗಳನ್ನು ಬಿಟ್ಟರೆ.

ಎರಡು ವರ್ಷದ ನಂತರ ಕೊಚ್ಚಿಗೆ ಬಂದು ಪುಸ್ತಕ ಬೈಂಡಿಂಗ್ ಕಲಿತೆ. ಆಮೇಲೆ ಅಲ್ಲೇ ಕಲೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಬೈಂಡಿಂಗ್, ಜೆರಾಕ್ಸ್, ಲ್ಯಾಮಿನೇಷನ್. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್‌ಗಳು, ವಕೀಲರ ಕಡತಗಳು, ಡಾಕ್ಟರೇಟ್ ಮಾಡುವವರ ದಪ್ಪ ಪ್ರಬಂಧಗಳು ಎಲ್ಲವೂ ನನ್ನ ಕೈಯಿಂದಲೇ ಪುಸ್ತಕವಾಗಿ ಹೋಗುತ್ತಿದ್ದವು. ಓದಿದವರ ಓದೆಲ್ಲ ನಾನು ಹೊಲಿದರೆ ನಿಲ್ಲುತ್ತದೆ, ಇಲ್ಲದಿದ್ದರೆ ಹಾರಿಹೋಗುತ್ತದೆ ಎಂದು ನನಗೆ ಗರ್ವವಿತ್ತು. ಈಗಲೂ ಇದೆ.

ನನ್ನ ಹೆಂಡತಿ ಪಿಯುಸಿ ಪಾಸಾದವಳು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ತಿರುವನಂತಪುರದ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಅವಳಿಗೆ ಡೇಟಾ ಎಂಟ್ರಿ ಕೆಲಸ ಸಿಕ್ಕಿತು. ವಾರವಿಡೀ ಅಲ್ಲಿನ ಹಾಸ್ಟೆಲಿನಲ್ಲಿದ್ದು ಶನಿವಾರ ಮನೆಗೆ ಬರುವುದು, ಭಾನುವಾರ ಸಂಜೆ ವೈಟ್ಟಿಲದಲ್ಲಿ ಬಸ್ಸು ಹತ್ತುವುದು. ಇದನ್ನು ನಾನು ಸಹಿಸಿದ್ದೆ. ಸಹಿಸಲಾಗದೆ ಹೋದದ್ದು ಅವಳು ಹೊರರಾಜ್ಯದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಗೆ ಸೇರಿದ ಮೇಲೆ. ಪಾಠ ಕಂಪ್ಯೂಟರಿನಲ್ಲಿ, ಪರೀಕ್ಷೆಯೂ ಕಂಪ್ಯೂಟರಿನಲ್ಲಿ. ಅದೂ ಪುಸ್ತಕ ತೆರೆದಿಟ್ಟುಕೊಂಡು.

"ತೆರೆದಿಟ್ಟುಕೊಂಡಾ?" ಎಂದು ನಾನು ಎರಡು ಸಲ ಕೇಳಿದೆ.

"ಹೌದು ಮಾರಾಯ್ರೆ. ಕಂಪ್ಯೂಟರಲ್ಲಿ ಬೇರೆ ಎಂತದೂ ತೆಗೀಲಿಕ್ಕಿಲ್ಲ, ಹತ್ತಿರ ಯಾರೂ ಇರ್ಲಿಕ್ಕಿಲ್ಲ. ಕಾಗದದ ಬುಕ್ಕು ಎಷ್ಟು ಬೇಕಾದ್ರೂ ಇಟ್ಕೊಳ್ಳಬಹುದು. ನಿಮ್ಮ ಕಾಲದಲ್ಲಿ ಇದಿದ್ರೆ ನೀವು ರ‍್ಯಾಂಕ್ ಬರ್ತಿದ್ರಿ."

ಅವಳು ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಆ ಮಾತು ಮಾತ್ರ ತಿಂಗಳುಗಟ್ಟಲೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತ್ತು. ಒಂದು ಹಾಳೆಗೆ ನನ್ನನ್ನು ಹೊರಗೆ ಹಾಕಿದರು. ಇವಳಿಗೆ ಇಡೀ ಪುಸ್ತಕ.

ಗಂಡಸರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರೆ ಹೇಳಿಕೊಳ್ಳಲು ಸುಲಭವಿತ್ತು, ನಾಲ್ಕು ಜನರಿಗೆ ಅರ್ಥವೂ ಆಗುತ್ತಿತ್ತು. ನನ್ನದು ಪುಸ್ತಕದ ಮೇಲೆ. ಶನಿವಾರ ಮೀನು ಹೆಚ್ಚುವಾಗಲೂ ಅವಳ ತುಟಿ ಅಲ್ಲಾಡುತ್ತಿತ್ತು. ನಾನೇನಾದರೂ ಹೇಳಲು ಹೋದರೆ ಒಳಗಿನಿಂದ ಮಗಳು ತಡೆಯುತ್ತಿದ್ದಳು: "ಅಚ್ಛಾ, ಮಿಂಡಲ್ಲೇ. ಅಮ್ಮ ಪಠಿಕ್ಯಾಣ್." ಅಪ್ಪಾ, ಮಾತಾಡಬೇಡ, ಅಮ್ಮ ಓದುತ್ತಿದ್ದಾಳೆ. ನಾವು ಕನ್ನಡದಲ್ಲಿ ಏನು ಕೇಳಿದರೂ ಆ ಹುಡುಗಿಯ ಉತ್ತರ ಮಲಯಾಳದಲ್ಲೇ. ನನ್ನ ಮನೆಯಲ್ಲಿ ನನ್ನನ್ನು ಸುಮ್ಮನಿರಿಸಲು ಒಂದು ಭಾಷೆ ಸಾಲದೆ ಎರಡು ಆದವು.

2009ರಲ್ಲಿ ಕೊನೆಯ ಪರೀಕ್ಷೆ ಬಂತು. ಆ ಒಂದು ವಿಷಯದಲ್ಲಿ ಅವಳು ಮೊದಲ ಸಲ ಫೇಲಾಗಿದ್ದಳು. ಇನ್ನೊಂದೇ ಅವಕಾಶ, ಅದರಲ್ಲೂ ಹೋದರೆ ಮೂರು ವರ್ಷದ್ದು ಎಲ್ಲ ಮತ್ತೆ ಮೊದಲಿನಿಂದ. ಆಫೀಸಿನಲ್ಲಿ ಟೀಮ್ ಲೀಡರ್ ಮಾಡುತ್ತೇವೆ, ಪದವಿ ತೋರಿಸಿ ಎಂದಿದ್ದರಂತೆ. ಹಿಂದಿನ ಸಲ ಸೋತದ್ದು ಗೊತ್ತಿಲ್ಲದೆ ಅಲ್ಲ, ಹುಡುಕಲು ಹೊತ್ತಾಗಿ.

"ಓಪನ್ ಬುಕ್ ಅಂದ್ರೆ ಸುಲಭ ಅಂತ ಗ್ರಹಿಸಬೇಡಿ," ಎಂದಳು. "ಯಾವುದು ಎಲ್ಲಿ ಉಂಟು ಅಂತ ಗೊತ್ತಿಲ್ದಿದ್ರೆ ಮೂರು ಗಂಟೆಯೂ ಮಗುಚುವುದರಲ್ಲೇ ಹೋಗ್ತದೆ."

ಈ ಸಲ ಅವಳು ಆರು ಭಾಗದ ಪಾಠಗಳನ್ನೆಲ್ಲ ಒಟ್ಟು ಸೇರಿಸಿ, ಪ್ರತಿ ಪುಟದ ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದರಿಂದ ಐನೂರ ಎಂಬತ್ತನಾಲ್ಕರವರೆಗೆ ತಾನೇ ನಂಬರು ಹಾಕಿದಳು. ಖಾಲಿ ಪುಟಗಳನ್ನು ಬಿಟ್ಟಿದ್ದಳು. ನಡುವೆ ಸೇರಿಸಿದ ಹಾಳೆಗಳಿಗೆ ನೂರ ಹನ್ನೆರಡು ಎ, ನೂರ ಹನ್ನೆರಡು ಬಿ ಎಂದು ಬರೆದಿದ್ದಳು. ಇನ್ನೊಂದು ಉದ್ದ ನೋಟ್‌ಬುಕ್ಕಿನಲ್ಲಿ ಯಾವ ವಿಷಯ ಎಷ್ಟನೆಯ ಪುಟ ಎಂಬ ಪಟ್ಟಿ. ಆ ಕಾಗದದ ಕಟ್ಟನ್ನು ಭಾನುವಾರ ನನ್ನ ಕೈಗೆ ಕೊಟ್ಟು, "ಮುಂದಿನ ಶನಿವಾರ ಪರೀಕ್ಷೆ, ನಾನು ಅಲ್ಲೇ ಇರ್ತೇನೆ. ನೀವೇ ಬೈಂಡ್ ಮಾಡಿ ತರಬೇಕು," ಎಂದಳು.

ಮಂಗಳವಾರದವರೆಗೆ ನಾನು ಅದನ್ನು ಮುಟ್ಟಲಿಲ್ಲ. ಯಾರದೋ ಪ್ರಾಜೆಕ್ಟ್‌ಗಳನ್ನು ಮೊದಲು ಮುಗಿಸಿದೆ. ಬುಧವಾರ ಹೊಲಿದೆ. ಅಂಟು ಹಚ್ಚಿ, ರಟ್ಟು ಹಾಕಿ, ಒತ್ತುಯಂತ್ರದಲ್ಲಿಟ್ಟೆ. ಗುರುವಾರ ಅವಳ ಫೋನು ಬಂತು.

"ಮಾರ್ಜಿನ್ ಕತ್ತರಿಸಬೇಡಿ, ಕೇಳ್ತಾ? ಬದಿ ಹಾಗೇ ಬಿಡಿ."

"ಗೊತ್ತುಂಟು."

"ಕೆಳಗೆ ಮುಖ್ಯ..."

"ಗೊತ್ತುಂಟು ಅಂದೆನಲ್ಲ. ಇಪ್ಪತ್ತು ವರ್ಷದಿಂದ ಇದೇ ಮಾಡ್ತಿದ್ದೇನೆ. ನೀನು ಪರೀಕ್ಷೆ ಬರಿ, ಬೈಂಡಿಂಗ್ ನನಗೆ ಬಿಡು."

ಬದಿ ಕತ್ತರಿಸದ ಪುಸ್ತಕ ಎಂದರೆ ಗಡ್ಡ ಬೋಳಿಸದ ಮದುಮಗನ ಹಾಗೆ. ನನ್ನ ಅಂಗಡಿಯಿಂದ ಅಂಥದ್ದು ಒಂದೂ ಹೊರಗೆ ಹೋಗಿಲ್ಲ. ನನಗೆ ಬೈಂಡಿಂಗ್ ಹೇಳಿಕೊಡಲು ಹೊರಟಿದ್ದಾಳೆ ಎನ್ನುವುದೊಂದೇ ತಲೆಯಲ್ಲಿತ್ತು. ಶುಕ್ರವಾರ ಮಧ್ಯಾಹ್ನ ಪುಸ್ತಕವನ್ನು ಕತ್ತರಿ ಯಂತ್ರಕ್ಕೆ ಕೊಟ್ಟು ಮೂರು ಬದಿಯನ್ನೂ ಇಳಿಸಿದೆ. ಬೆಣ್ಣೆ ಕುಯ್ದ ಹಾಗೆ ಬಂತು. ಕೆಳಗಿನ ಬದಿಯ ಪಟ್ಟಿಗಳು ಒಂದೇ ಕಟ್ಟಾಗಿ ಬಿದ್ದವು. ಎತ್ತಿ ಚೀಲಕ್ಕೆ ಹಾಕಬೇಕು, ಅಷ್ಟರಲ್ಲಿ ಮೇಲಿನ ಪಟ್ಟಿಯ ತುದಿಯಲ್ಲಿ ಅವಳ ಪೆನ್ಸಿಲ್ ಕಂಡಿತು. ಅದರ ಕೆಳಗಿನದರಲ್ಲಿ ಮುಂದಿನ ಸಂಖ್ಯೆ. ಅದರ ಕೆಳಗೆ ಅದರ ಮುಂದಿನದು.

ಪುಸ್ತಕದಲ್ಲಿ ಒಂದೇ ಒಂದು ನಂಬರು ಉಳಿದಿರಲಿಲ್ಲ.

ಆಗಲೇ ಕೂತು ಬರೆದಿದ್ದರೆ ಸಂಜೆಯೊಳಗೆ ಮುಗಿಯುತ್ತಿತ್ತು. ಬರೆಯಲಿಲ್ಲ. ಪಟ್ಟಿಗಳನ್ನು ರದ್ದಿ ಚೀಲಕ್ಕೆ ಹಾಕಿದೆ. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿದೆ. ತೆರೆದ ಪುಸ್ತಕ ಅಲ್ಲವೇ, ತೆರೆದು ಹುಡುಕಲಿ ಎಂದುಕೊಂಡೆ. ಹೀಗೆ ಅಂದುಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಸಂಜೆಯೂ ತಾಯಿ ಮಗಳ ಆಟ ನಡೆಯಿತು. ದಿನಾ ಅವಳು ಫೋನು ಮಾಡುವುದು, ಮಗಳು ಆ ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿ ಹಿಡಿದುಕೊಂಡು ವಿಷಯ ಕೇಳುವುದು, ಅವಳು ಆ ಕಡೆಯಿಂದ ಪುಟದ ಸಂಖ್ಯೆ ಹೇಳುವುದು. ಮಗಳಿಗೆ ಖುಷಿಯೆಂದು ಫೋನಿನ ಸ್ಪೀಕರ್ ಹಾಕಿರುತ್ತಿದ್ದೆ. ನಾನು ದೋಸೆ ಹುಯ್ಯುತ್ತಿದ್ದೆ.

"ಲೀಡರ್‌ಶಿಪ್?" ಮಗಳು ಕೇಳಿದಳು.

"ನೂರ ಎಂಬತ್ತಾರು."

"ಶರಿ. ಬಜೆಟ್?"

"ನಾನ್ನೂರ ಇಪ್ಪತ್ತು. ನಾನ್ನೂರ ಇಪ್ಪತ್ತೆಂಟರವರೆಗೆ."

"ಮೋಟಿವೇಷನ್?"

ಆ ಕಡೆ ಸ್ವಲ್ಪ ತಡವಾಯಿತು. ಮಗಳ ಬೆರಳು ಜೆರಾಕ್ಸ್ ಪ್ರತಿಯ ಮೇಲೆ ನಿಂತಿತು. ದೋಸೆ ಮಗುಚುವುದನ್ನು ನಾನೂ ನಿಲ್ಲಿಸಿದೆ.

"ಇನ್ನೂರ ಮೂವತ್ತೊಂದು."

"ಶರಿ."

"ಅಪ್ಪನ ಹತ್ರ ಹೇಳು, ಬೆಳಿಗ್ಗೆ ರೈಲು ತಪ್ಪಿಸಬಾರದು ಅಂತ. ಬುಕ್ಕು ಅವರ ಕೈಯಲ್ಲಿ ಉಂಟು, ನನಗೆ ಆ ಹೆದರಿಕೆ ಇಲ್ಲ."

ಅವಳು ಪಾಠ ಕಲಿತಿರಲಿಲ್ಲ, ದಾರಿ ಕಲಿತಿದ್ದಳು. ಆ ದಾರಿಯ ಮೈಲಿಗಲ್ಲುಗಳೆಲ್ಲ ನನ್ನ ರದ್ದಿ ಚೀಲದಲ್ಲಿದ್ದವು. ದೋಸೆ ಹೊತ್ತಿತು.

ಬೆಳಿಗ್ಗೆ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅಂಗಡಿಯ ಶಟರ್ ಅರ್ಧ ಎತ್ತಿ, ಚೀಲ ಸುರುವಿ, ಆ ಪಟ್ಟಿಗಳ ಕಟ್ಟನ್ನು ಹುಡುಕಿ ತೆಗೆದೆ. ಪುಣ್ಯಕ್ಕೆ ಕ್ರಮ ಕೆಟ್ಟಿರಲಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡೆ. ಬಲಗಡೆ ಪಟ್ಟಿ. ಕೈಯಲ್ಲಿ ಅಂಗಡಿಯ ಕೆಂಪು ಪೆನ್ನು. ಒಂದು ಪಟ್ಟಿ ನೋಡುವುದು, ಒಂದು ನಂಬರು ಬರೆಯುವುದು, ಹಾಳೆ ಮಗುಚುವುದು. ರೈಲು ಅಲ್ಲಾಡಿದಾಗ ಏಳು ಒಂದರ ಹಾಗೆ ಕಾಣುತ್ತಿತ್ತು. ಕೋಟ್ಟಯಂ ಬರುವಾಗ ನೂರ ಎಪ್ಪತ್ತು ದಾಟಿತ್ತು. ಇನ್ನೂರ ಮೂವತ್ತೊಂದರಲ್ಲಿ ಸ್ವಲ್ಪ ನಿಂತೆ. ಇಂಗ್ಲಿಷಿನಲ್ಲಿ ಮನುಷ್ಯ ಯಾಕೆ ಕೆಲಸ ಮಾಡುತ್ತಾನೆ ಎಂದೇನೋ ಇತ್ತು. ಅಂಚಿನಲ್ಲಿ ಅವಳು ಕನ್ನಡದಲ್ಲಿ ಸಣ್ಣದಾಗಿ ಬರೆದಿದ್ದಳು: "ಉದಾಹರಣೆಗೆ ಇವರು." ಯಾರು ಎಂದು ಬರೆದಿರಲಿಲ್ಲ. ನಾನು ನಂಬರು ಹಾಕಿ ಮುಂದೆ ಹೋದೆ.

ಎದುರಿಗೆ ಕೂತಿದ್ದ ಮುದುಕರೊಬ್ಬರು ಬಹಳ ಹೊತ್ತು ನೋಡಿ, "ಸಾರ್ ಮಾಷಾಣೋ?" ಎಂದು ಕೇಳಿದರು. ಮೇಷ್ಟ್ರಾ ಎಂದು. ಅಲ್ಲ ಎನ್ನುವ ಮನಸ್ಸಾಗಲಿಲ್ಲ. ತಲೆಯಾಡಿಸಿದೆ. ಕೊಲ್ಲಂನಿಂದ ಮುಂದೆ ಪಟ್ಟಿ ನೋಡುವಷ್ಟು ವ್ಯವಧಾನ ಇರಲಿಲ್ಲ, ಬರೇ ಎಣಿಸುತ್ತಾ ಹೋದೆ. ಕೊನೆಯ ಪುಟಕ್ಕೆ ಬರೆಯುವಾಗ ರೈಲು ಕಳಕ್ಕೂಟಂನಲ್ಲಿ ನಿಂತಿತ್ತು.

ಹಾಸ್ಟೆಲಿನಲ್ಲಿ ಇಂಟರ್‌ನೆಟ್ ನಂಬುವಂತಿಲ್ಲ ಎಂದು ಅವಳು ರಸ್ತೆ ಬದಿಯ ಒಂದು ನೆಟ್ ಕೆಫೆಯಲ್ಲಿ ಮೂಲೆಯ ಕ್ಯಾಬಿನ್ ಹಿಡಿದಿದ್ದಳು. ಬಾಗಿಲಲ್ಲೇ ನಿಂತಿದ್ದಳು. ಪೇಪರ್ ಬಿಚ್ಚಿ, ಹೊಸ ರಟ್ಟನ್ನು ಸವರಿ, ತೆರೆದಳು. ಕೆಂಪು ನಂಬರು ನೋಡಿದಳು. ಇನ್ನೊಂದು ಪುಟ ತೆರೆದಳು.

"ಕತ್ತರಿಸಿದ್ರಾ?"

"ಹೌದು."

"ಹೇಳಿದ್ದೆನಲ್ಲ."

"ಹೇಳಿದ್ದಿ."

ಇನ್ನೂರ ಮೂವತ್ತೊಂದು ತೆರೆದು ನೋಡಿದಳು. ಸರಿಯಿತ್ತು. "ಮತ್ತೆ ಮಾತಾಡುವ," ಎಂದು ಒಳಗೆ ಹೋದಳು. ನಾನೂ ಎರಡು ಹೆಜ್ಜೆ ಹಿಂದೆ ಹೋದೆನೆಂದು ಕಾಣುತ್ತದೆ, ಕೆಫೆಯವನು ಕೈ ಅಡ್ಡ ಹಿಡಿದ. "ಚೇಟ್ಟಾ, ಪರೀಕ್ಷಯಾಣ್. ಪುರತ್ತ್ ಇರಿಕ್ಕೂ." ಅಣ್ಣಾ, ಪರೀಕ್ಷೆ, ಹೊರಗೆ ಕೂತುಕೊಳ್ಳಿ ಅಂತ. ಪರೀಕ್ಷೆಯ ಕೋಣೆಯಿಂದ ನನ್ನನ್ನು ಹೊರಗೆ ಕಳಿಸಿದ್ದು ಇದು ಎರಡನೆಯ ಸಲ.

ಮೂರು ಗಂಟೆ ಸ್ಟೂಲಿನ ಮೇಲೆ ಕೂತಿದ್ದೆ. ಕ್ಯಾಬಿನ್ನಿನ ಗೋಡೆ ತೆಳು ಪ್ಲೈವುಡ್ಡು. ಕೀಲಿಗಳ ಸದ್ದು, ನಡುನಡುವೆ ಹಾಳೆಗಳ ಸದ್ದು. ಒಮ್ಮೆ ತೆರೆದ ಪುಸ್ತಕ ಅಲ್ಲೇ ಅಂಗಾತ ಮಲಗುತ್ತಿತ್ತು, ಮುಚ್ಚಿಕೊಳ್ಳುತ್ತಿರಲಿಲ್ಲ. ಅದು ನನ್ನ ಹೊಲಿಗೆ. ಅಷ್ಟು ಸಮಾಧಾನ. ಉಳಿದಂತೆ ಹೊಟ್ಟೆಯೊಳಗೆ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅವಳು ಯಾರಿಗೂ ಹೆದರದೆ, ಕಿಸೆ ಮುಟ್ಟಿ ನೋಡಿಕೊಳ್ಳದೆ, ಬೆಳಕಿನಲ್ಲಿ ಪುಸ್ತಕ ಬಿಡಿಸಿ ನೋಡಿ ಬರೆಯುತ್ತಿದ್ದಳು. ಒಂದು ಹಂತದಲ್ಲಿ ಹಾಳೆಗಳು ಹಿಂದಕ್ಕೂ ಮುಂದಕ್ಕೂ ಬಹಳ ಹೊತ್ತು ಸರಸರ ಮಗುಚಿದವು. ನಾನು ಎದ್ದು ನಿಂತೆ. ಆಮೇಲೆ ಕೀಲಿಗಳ ಸದ್ದು ಮತ್ತೆ ಶುರುವಾಯಿತು. ಕೂತೆ.

ಮುಗಿಸಿ ಬಂದಾಗ ಅವಳ ಮುಖ ಒಣಗಿತ್ತು. ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಕೆಂಪಕ್ಕಿ ಅನ್ನಕ್ಕೆ ಸಾಂಬಾರು ಬಿದ್ದ ಮೇಲೆ ಬಾಯಿ ಬಿಟ್ಟಳು.

"ನಾನ್ನೂರ ಆರು ಎರಡು ಸಲ ಬರ್ದಿದ್ದೀರಿ. ಅಲ್ಲಿಂದ ಮುಂದೆ ಪೂರಾ ಒಂದೊಂದು ಕಡಿಮೆ."

"ಹೋಯ್ತಾ ಹಾಗಾದ್ರೆ?"

"ಬಜೆಟ್ ಹುಡುಕುವಾಗ ಬೇರೆಯೇ ಪುಟ ಬಂತು. ಮತ್ತೆ ಒಂದು ಕಳೆದು ಕಳೆದು ನೋಡಿದೆ. ಒಂದು ಪ್ರಶ್ನೆ ಪೂರ್ತಿ ಆಗ್ಲಿಲ್ಲ." ಅನ್ನ ಕಲಸುವುದನ್ನು ನಿಲ್ಲಿಸಿದಳು. "ಬೇಕಂತ ಕತ್ತರಿಸಿದ್ದಾ?"

"ಕತ್ತರಿಸುವಾಗ ಅಲ್ಲ," ಎಂದೆ. "ಕತ್ತರಿಸಿದ ಮೇಲೆ, ನಿನ್ನೆ ಇಡೀ ಸಂಜೆ ಹಾಗೇ ಬಿಟ್ಟದ್ದು ಬೇಕಂತ."

ಅವಳು ಬೈದಿದ್ದರೆ ನನಗೂ ಹೇಳಲು ನಾಲ್ಕು ಮಾತು ಇದ್ದವು. ಬೈಯಲಿಲ್ಲ.

"ಆವತ್ತು ಎರಡು ಸಾಲು ಬರ್ದು ಕೊಡ್ಲಿಲ್ಲ ನೀವು," ಎಂದಳು. "ಇವತ್ತು ಐನೂರು ಬರೀಬೇಕಾಯ್ತು." ಆಮೇಲೆ ಮೀನು ನನ್ನ ತಟ್ಟೆಗೆ ಸರಿಸಿದಳು, ಅವಳಿಗೆ ಹಸಿವಿರಲಿಲ್ಲ.

ಐದು ವಾರದ ನಂತರ ಫಲಿತಾಂಶ ಬಂತು. ಪಾಸಾಗಿದ್ದಳು, ಅಂಚಿನಲ್ಲಿ. ಮೊದಲು ಫೋನು ಮಾಡಿದ್ದು ಮಗಳಿಗೆ. ಅದಕ್ಕೂ ನನಗೆ ಉರಿಯಿತು. ಅವಳು ಟೀಮ್ ಲೀಡರ್ ಆದಳು, ಕಳಕ್ಕೂಟಂನಲ್ಲಿ ಮನೆ ಮಾಡಿ ಮಗಳನ್ನು ಅಲ್ಲಿಯ ಶಾಲೆಗೆ ಸೇರಿಸಿದಳು. ಈಗ ಶನಿವಾರ ರೈಲು ಹತ್ತುವವನು ನಾನು. ಹತ್ತನೆಯ ತರಗತಿ ಖಾಸಗಿಯಾಗಿ ಕಟ್ಟಬಹುದು ಎಂದು ಅರ್ಜಿ ತಂದುಕೊಟ್ಟಿದ್ದಳು. ಅಂಗಡಿಯ ಡ್ರಾಯರಿನಲ್ಲಿಟ್ಟಿದ್ದೇನೆ.

ಈಗ ನನ್ನಲ್ಲಿರುವುದು ಇಷ್ಟು: ಕಲೂರಿನಲ್ಲಿ ಒಂದು ಅಂಗಡಿ, ಒಂದು ಕತ್ತರಿ ಯಂತ್ರ, ಎರಡು ಜೆರಾಕ್ಸ್ ಯಂತ್ರ. ಕಳಕ್ಕೂಟಂನಲ್ಲಿ ಒಬ್ಬಳು ಹೆಂಡತಿ, ಒಬ್ಬಳು ಮಗಳು. ವಾರಕ್ಕೆ ಒಂದೂವರೆ ದಿನ. ತುಂಬದ ಒಂದು ಅರ್ಜಿ. ಕೊನೆಯ ಪುಟದಲ್ಲಿ ಐನೂರ ಎಂಬತ್ತಮೂರು ಎಂದು ಕೆಂಪಿನಲ್ಲಿ ಬರೆದಿರುವ ಒಂದು ಪುಸ್ತಕ. ಒಂಬತ್ತು ತರಗತಿಯ ಓದು.